ಹುಲ್ಲು ತುಂಬಿದ ಕರು

ದೆವ್ವ, ಮಾಟ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಮೆಲ್ಲಗೆ ಎದ್ದು ಹೊರಗೆ ಹೋಗುವವನು ನಾನು. ಹೇಳುವವರು ಸುಳ್ಳುಗಾರರು ಎಂದಲ್ಲ. ಸರಿಯಾಗಿ ನೋಡಿರುವುದಿಲ್ಲ, ನೋಡಿದ್ದಕ್ಕೆ ಮನೆಗೆ ಬರುವ ದಾರಿಯಲ್ಲಿ ಕೈಕಾಲು ಸೇರಿಸಿರುತ್ತಾರೆ, ಅಷ್ಟೆ. ವೈದ್ಯನಾಗಿ ಇಷ್ಟು ವರ್ಷವಾದ ಮೇಲೂ ನನ್ನ ಅಭಿಪ್ರಾಯ ಹೆಚ್ಚು ಬದಲಾಗಿಲ್ಲ. ಹಾಗಿದ್ದೂ ನಾನೇ ಈಗ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ. ನಂಬದಿರಲು ನಿಮಗೆ ಒಳ್ಳೆಯ ಕಾರಣವೊಂದು ಹೊಳೆದರೆ ನನಗೂ ತಿಳಿಸಿ, ಅದು ನನಗೆ ತುರ್ತಾಗಿ ಬೇಕಾಗಿದೆ. ಒಂದೇ ಒಂದು ಕೋರಿಕೆ. ಊಟದ ಹೊತ್ತಿನಲ್ಲಿ ಇದನ್ನು ಓದಬೇಡಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಪಿಯುಸಿ ಮುಗಿದು ನನಗೆ ಮೆಡಿಕಲ್ ಸೀಟು ಸಿಕ್ಕಿತ್ತು. ಚನ್ನರಾಯಪಟ್ಟಣದಲ್ಲಿ ನಮ್ಮ ತಂದೆ ಹೈಸ್ಕೂಲು ಮೇಷ್ಟ್ರು. ಬೀದಿಗೆಲ್ಲ ಮೈಸೂರು ಪಾಕು ಹಂಚಿ, ಕಾಲೇಜು ಕೇಳುವ ಮೊದಲೇ ನನಗೆ ಬಿಳಿ ಕೋಟು ಹೊಲಿಸಿ ಆಗಿತ್ತು. ಅಷ್ಟರಲ್ಲಿ ಸೀಟು ಹಂಚಿಕೆ ಸರಿಯಿಲ್ಲವೆಂದು ಯಾರೋ ಕೋರ್ಟಿಗೆ ಹೋದರು. ತಡೆಯಾಜ್ಞೆ ಬಂತು. ಇನ್ನೇನು ಶುರುವಾಗಬೇಕಿದ್ದ ಕಾಲೇಜು ಯಾವಾಗ ಶುರುವಾಗುತ್ತದೋ ಯಾರಿಗೂ ಗೊತ್ತಿಲ್ಲ ಎಂದಾಯಿತು. ಹೀಗೆ ಕೇಳದೆ ಸಿಕ್ಕಿದ ರಜದಲ್ಲಿ ನನ್ನ ಗೆಳೆಯರಲ್ಲಿ ಒಬ್ಬ ಹಾಸನಕ್ಕೆ ಹೋಗಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ, ಇನ್ನೊಬ್ಬ ಕಾರು ಓಡಿಸಲು ಕಲಿತ. ನಾನು ಒಂದಷ್ಟು ಪತ್ತೇದಾರಿ ಕಾದಂಬರಿಗಳನ್ನು ಓದಿ ಚೆನ್ನಾಗಿ ನಿದ್ದೆ ಮಾಡುವುದೆಂದು ತೀರ್ಮಾನಿಸಿದ್ದೆ.

ತಂದೆಯ ತೀರ್ಮಾನ ಬೇರೆ ಇತ್ತು. "ದೇವರೇ ಟೈಮು ಕೊಟ್ಟಿದಾನೆ ಕಣೋ. ಈ ಟೈಮಲ್ಲಿ ಮೊದಲು ನಿನ್ನ ಕಾಯಿಲೆ ವಾಸಿ ಮಾಡ್ಕೋ" ಎಂದರು.

ನನ್ನ ಕಾಯಿಲೆ ಹೇಸಿಗೆ. ಹುಟ್ಟಿದಾಗಿನಿಂದ ನಾನು ಹೇಸಿಗೆಯ ಪ್ರಾಣಿ. ಬೇರೆಯವರು ಕುಡಿದ ಲೋಟ ತೊಳೆದಿಟ್ಟಿದ್ದರೂ ಮುಟ್ಟುತ್ತಿರಲಿಲ್ಲ. ಹಾಲಿನ ಮೇಲೆ ಕೆನೆ ಕಂಡರೆ ಲೋಟವನ್ನೇ ದೂರ ತಳ್ಳುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ ನಾನೂ ಮಾಡಿಕೊಳ್ಳುತ್ತಿದ್ದೆ. ಪಿಯುಸಿಯಲ್ಲಿ ಕಪ್ಪೆಯನ್ನು ಕುಯ್ದವನು ನನ್ನ ಪಕ್ಕದ ಹುಡುಗ. ನಾನು ದೂರ ನಿಂತು ಚಿತ್ರ ಬರೆದೆ. ಇಬ್ಬರಿಗೂ ಒಂದೇ ಅಂಕ ಬಂತು. ಇದೆಲ್ಲ ತಂದೆಗೆ ಗೊತ್ತಿತ್ತು. "ನಾಳೆ ಹೆಣದ ಮುಂದೆ ನಿಲ್ಲಿಸಿದ ದಿನ ನೀನು ಪೆಟ್ಟಿಗೆ ತಗೊಂಡು ವಾಪಸ್ ಬಂದರೆ ನಾನು ಸ್ಕೂಲಿಗೆ ಯಾವ ಮುಖ ಹೊತ್ಕೊಂಡು ಹೋಗಲಿ?" ಎಂದು ಕೇಳಿದರು. ವಾಪಸ್ ಬರುತ್ತೇನೆಂದು ನನಗೂ ಒಳಗೊಳಗೆ ಖಾತ್ರಿಯಿತ್ತು.

ಹಾಗೆ ನನ್ನನ್ನು ಹೊಳೆನರಸೀಪುರದ ಬಸ್ಸು ಹತ್ತಿಸಿ ನಮ್ಮ ತಾಯಿಯ ಅಣ್ಣನ ಮನೆಗೆ ಕಳಿಸಿದರು. ಹಳೇಕೋಟೆಯಿಂದ ಒಳಗೆ ಎರಡು ಮೈಲಿ ನಡೆಯಬೇಕು. ಮನೆಯಲ್ಲಿ ಮಾವ, ಅತ್ತೆ ಇಬ್ಬರೇ ಇದ್ದರು. ಅವರ ಮಗಳು ಹಾಸನದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮಾವ ಜಗಲಿಯ ಮೇಲೆ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು.

"ಬಾರ್ಲಾ ಡಾಕ್ಟ್ರೇ. ನಿಮ್ಮಪ್ಪ ಕಾಗ್ದ ಬರ್ದವ್ರೆ, ನಿಂಗೆ ಅಸಿಂಗ ಬುಡಿಸ್ಬೇಕಂತೆ. ಕೊಟ್ಗೆ ಐತೆ, ಪೊರಕೆ ಐತೆ. ನಾಳಿಂದ್ಲೇ ಸುರು ಅಚ್ಕೋ."

ಶುರು ಮಾಡಿದೆ. ಮೊದಲ ವಾರ ಸಗಣಿ ಬಾಚುವಾಗ ಎರಡು ಸಲ ಕಕ್ಕಿದೆ. ಎರಡನೆಯ ವಾರ ಬಾಯಿಂದ ಉಸಿರಾಡುವುದನ್ನು ಕಲಿತೆ. ಮೂರನೆಯ ವಾರದ ಹೊತ್ತಿಗೆ ಗಂಜಲದ ಗುಂಡಿ ಬಳಿಯುವುದೂ ಬಂತು. ಅತ್ತೆ ನನ್ನ ಸ್ಥಿತಿ ನೋಡಿ ಮರುಗುತ್ತಿದ್ದರು, ನನಗಾಗಿ ಬೇರೆ ಲೋಟ, ಬೇರೆ ತಟ್ಟೆ ಇಟ್ಟಿದ್ದರು. ನಾನು ತಂದೆಗೆ ಕಾಗದ ಬರೆದು ವಾಸಿಯಾಗುತ್ತಿದ್ದೇನೆ ಎಂದು ತಿಳಿಸಿದೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು.

ಆಗ ಕೆಂದಿ ಕರು ಹಾಕಿತು. ಕೆಂದಿ ಮಾವನ ಕೆಂಪು ನಾಟಿ ಹಸು. ದಿನ ತುಂಬುವ ಮೊದಲೇ ಹಾಕಿದ ಹೆಣ್ಣುಗರು, ಏಳಲಾರದು, ನಿಲ್ಲಲಾರದು. ಮೊಲೆಗೆ ಬಾಯಿ ಹಾಕುವ ತ್ರಾಣವೂ ಅದಕ್ಕಿರಲಿಲ್ಲ. ಹೆಣ್ಣುಗರುವೆಂದು ಮಾವನಿಗೆ ಅದನ್ನು ಉಳಿಸಿಕೊಳ್ಳುವ ಆಸೆ. ಕೆಂದಿಯನ್ನು ಬಿಟ್ಟರೆ ಆ ತಳಿಯಲ್ಲಿ ಅದೊಂದೇ ಉಳಿದಿದ್ದದ್ದು. "ಒಂದ್ ಎಂಟ್ ದಿನ ಒಟ್ಟೆ ತುಂಬ ಆಲ್ ಕುಡ್ಸುದ್ರೆ ಎದ್ದು ನಿಂತ್ಕತ್ತದೆ ಕಣ್ಲಾ" ಎಂದರು. ರಾಗಿ ಹೊಲದಲ್ಲಿ ಕಳೆ ತೆಗೆಯುವ ಕಾಲ. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಹಾಗಾಗಿ ಬೆಳಿಗ್ಗೆ ಮತ್ತು ರಾತ್ರಿ ಅತ್ತೆ ಕುಡಿಸುವುದು, ನಡುವಿನ ಎರಡು ಹೊತ್ತು ನಾನು ಕುಡಿಸುವುದು ಎಂದಾಯಿತು.

ಎಳಗರುವಿಗೆ ಹಾಲು ಕುಡಿಸುವುದು ಹೇಗೆಂದು ತಿಳಿಯದವರಿಗೆ ಹೇಳಬೇಕು. ಎರಡು ಬೆರಳನ್ನು ಅದರ ಬಾಯೊಳಗೆ ಇಡಬೇಕು. ಅದು ತಾಯಿಯ ಮೊಲೆಯೆಂದುಕೊಂಡು ಚೀಪತೊಡಗುತ್ತದೆ. ಆಗ ಮೂತಿಯನ್ನು ಮೆಲ್ಲಗೆ ಹಾಲಿನ ಬೋಗುಣಿಗೆ ಬಗ್ಗಿಸಿದರೆ ಬೆರಳ ಸಂದಿಯಿಂದ ಹಾಲನ್ನೂ ಎಳೆದುಕೊಳ್ಳುತ್ತದೆ. ಅತ್ತೆ ಮಾಡಿ ತೋರಿಸಿದಾಗ ಬಹಳ ಸುಲಭವಾಗಿ ಕಂಡಿತು. ನನ್ನ ಬೆರಳು ಒಳಗೆ ಹೋದಾಗ ಮಾತ್ರ ನನ್ನ ಮೈಯೆಲ್ಲ ಜುಮ್ಮೆಂದಿತು. ಒಳಗೆ ಬಿಸಿ. ಲೋಳೆ. ಮೇಲೆ ಅಂಗುಳಿನ ಗೀರುಗಳು, ಕೆಳಗೆ ಮರಳುಕಾಗದದಂಥ ನಾಲಿಗೆ. ಅದು ನನ್ನ ಬೆರಳನ್ನು ಸುತ್ತಿಕೊಂಡು ಒಳಕ್ಕೆ, ಇನ್ನೂ ಒಳಕ್ಕೆ ಎಳೆಯುತ್ತಿತ್ತು. ಬಿಡುವಂತೆಯೇ ಕಾಣಲಿಲ್ಲ. ಮೂಗಿನಿಂದ ಸಿಂಬಳ ಇಳಿದು ನನ್ನ ಮುಂಗೈಗೆ ಬಂತು. ಸಗಣಿ ಎಷ್ಟೋ ವಾಸಿ ಎನ್ನಿಸಿತು. ಸಗಣಿ ನಮ್ಮನ್ನು ಹಿಡಿದುಕೊಳ್ಳುವುದಿಲ್ಲ.

ಮೊದಲ ದಿನ ಅತ್ತೆಯ ಎದುರು ಹಲ್ಲು ಕಚ್ಚಿಕೊಂಡು ಕುಡಿಸಿದೆ. ಎರಡನೆಯ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬನೇ. ಬೆರಳಿಟ್ಟೆ, ಅದು ಎಳೆಯಿತು, ನಾನು ಕಿತ್ತುಕೊಂಡೆ. ಬಚ್ಚಲಿಗೆ ಓಡಿ ಸೋಪು ಹಾಕಿ ಮೊಣಕೈವರೆಗೆ ತೊಳೆದೆ. ಬೋಗುಣಿಯ ತುಂಬ ಹಳದಿ ಬಣ್ಣದ ಗಿಣ್ಣು ಹಾಲು ಇತ್ತು. ಈದ ಹಸು ಮೊದಲ ಮೂರು ನಾಲ್ಕು ದಿನ ಮಾತ್ರ ಕೊಡುವ ಆ ಗಟ್ಟಿ ಹಾಲನ್ನು ಹಿತ್ತಲಿನ ತಿಪ್ಪೆಗೆ ಸುರಿದುಬಿಟ್ಟೆ. ಮಾವನ ನಾಯಿ ಕರಿಯ ಬಂದು ನೆಕ್ಕಿತು. ಸಂಜೆ ಅತ್ತೆ ಬಂದವರೇ "ಕುಡೀತೇನ್ಲಾ ಮಗ?" ಎಂದರು. "ಕುಡೀತು ಅತ್ತೆ" ಎಂದೆ.

ನಾಲ್ಕು ದಿನ ಹೀಗೇ ನಡೆಯಿತು. ಮಧ್ಯಾಹ್ನದ್ದೂ ತಿಪ್ಪೆಗೆ, ನಾಲ್ಕು ಗಂಟೆಯದ್ದೂ ತಿಪ್ಪೆಗೆ. ಹೊತ್ತಿಗೆ ಸರಿಯಾಗಿ ಕರಿಯ ಬಾಲ ಅಲ್ಲಾಡಿಸುತ್ತ ಬಂದು ನಿಲ್ಲುತ್ತಿತ್ತು. ಕರು ಮಲಗಿದಲ್ಲಿಂದ ನಾನು ಬರುವ ಸದ್ದಿಗೆ ತಲೆ ಎತ್ತಿ ಮೂತಿ ಮುಂದೆ ಮಾಡುತ್ತಿತ್ತು. ಅದನ್ನು ನೋಡದ ಹಾಗೆ ನಾನು ಬೋಗುಣಿ ಎತ್ತಿಕೊಂಡು ಹೋಗುತ್ತಿದ್ದೆ. ನನಗೆ ಆಗ ಪಾಪವೆನ್ನಿಸಲಿಲ್ಲ. ಎರಡು ಹೊತ್ತು ಅತ್ತೆ ಕುಡಿಸುತ್ತಾರಲ್ಲ, ಸಾಕು ಎಂದು ಅಂದುಕೊಳ್ಳುತ್ತಿದ್ದೆ. ಆರನೆಯ ದಿನ ಬೆಳಿಗ್ಗೆ ಕರು ಸತ್ತಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಅದರ ಮೇಲೆ ಗೋಣಿ ಹೊದಿಸಿ, "ಆಯಸ್ಸು ಇಲ್ದಿದ್ರೆ ಯಾರೇನ್ ಮಾಡಾರು" ಎಂದರು. ಆಗ ಅತ್ತೆ ಒಂದು ಮಾತು ಹೇಳಿದರು. "ನಮ್ಮುಡ್ಗ ಪಾಪ, ಬೆಳ್ಳು ಚೀಪ್ಸಿ ಚೀಪ್ಸಿ ಸಾಕಾಗೋದ. ಅಸಿಂಗ ಅಂದೋನು ಒಂದಿನ ತಪ್ಪಿಸ್ನಿಲ್ಲ." ನಾನು ತಲೆ ತಗ್ಗಿಸಿದೆ. ಅವರು ಅದನ್ನು ದುಃಖವೆಂದು ತಿಳಿದರು.

ಕೆಂದಿಯ ಗೋಳು ಅವತ್ತಿನಿಂದ ಶುರುವಾಯಿತು. ಬೆಳಗಿನಿಂದ ಸಂಜೆವರೆಗೆ ಅಂಬಾ ಎಂದು ಕೂಗುವುದು, ಹಗ್ಗ ಜಗ್ಗುವುದು, ಕರೆಯಲು ಕೂತರೆ ಒದೆಯುವುದು. ಸೀಮೆ ಹಸುವಿನಂತಲ್ಲ ನಾಟಿ ಹಸು. ಕರು ಕಣ್ಣಿಗೆ ಬೀಳದೆ ಹಾಲು ಇಳಿಸುವುದಿಲ್ಲ. ಅದನ್ನು ಅಲ್ಲಿಯವರು ಸೊರ ಬಿಡುವುದು ಎನ್ನುತ್ತಾರೆ. ಹಾಲು ಇಳಿಯದೆ ಕೆಚ್ಚಲು ಬಿಗಿದು ಕಲ್ಲಾಗತೊಡಗಿತು. ಅದಕ್ಕೊಂದು ಹಳೆಯ ಉಪಾಯವಿದೆ. ಸತ್ತ ಕರುವಿನ ಚರ್ಮ ಬಿಡಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಕರೆಯುವ ಹೊತ್ತಿಗೆ ಹಸುವಿನ ಮುಂದೆ ನಿಲ್ಲಿಸುವುದು. ಹಸು ಅದನ್ನು ನೆಕ್ಕುತ್ತ ಸೊರ ಬಿಡುತ್ತದೆ. ಮರುದಿನ ಬೆಳಿಗ್ಗೆಯೇ ಮಾವ ಊರಾಚೆಯ ಕಾಲೋನಿಯಿಂದ ಸಣ್ಣಯ್ಯ ಎಂಬ ಮುದುಕನನ್ನು ಕರೆಸಿದರು. ಮೊದಲಿನಿಂದ ಈ ಕೆಲಸ ಮಾಡಿಕೊಂಡು ಬಂದವನು ಅವನೇ.

ಸಣ್ಣಯ್ಯ ಬಂದು ದೂರದಲ್ಲಿ, ಹಿತ್ತಲಿನ ಕಲ್ಲಿನ ಮೇಲೆ ಕೂತ. "ನಮ್ಮುಡುಗ್ರು ಸಂಗ ಕಟ್ಕಂಡವ್ರೆ ಬುದ್ಧಿ. ಇನ್ಮ್ಯಾಕೆ ಯಾರೂ ಸತ್ತ ದನ ಮುಟ್ಟಂಗಿಲ್ಲ ಅಂತ ತೀರ್ಮಾನ ಆಗದೆ. ನಾನ್ ಮುಟ್ಟುದ್ರೆ ನನ್ ಮಗ್ನೇ ಒಳಿಕ್ ಸೇರ್ಸಕಿಲ್ಲ. ಬೇಕಾರೆ ಬಾಯಲ್ಲಿ ಏಳ್ಕೊಡ್ತೀನಿ" ಎಂದ.

ಮಾವ ಮುಖ ಸಿಂಡರಿಸಿದರು. ಆ ಹುಡುಗರು ಮಾಡಿದ್ದೇ ಸರಿ ಎಂದು ಇವತ್ತು ಹೇಳುತ್ತೇನೆ. ನಮ್ಮ ಹೇಸಿಗೆಯನ್ನೆಲ್ಲ ತಲೆತಲಾಂತರದಿಂದ ಅವರ ಕೈಯಲ್ಲಿ ಮಾಡಿಸಿ ನಾವು ಮೂಗು ಮುಚ್ಚಿಕೊಂಡು ನಿಂತಿದ್ದೆವು. ಅವತ್ತು ಮಾತ್ರ ನನಗೆ ಸಣ್ಣಯ್ಯನ ಮೇಲೆ ವಿಪರೀತ ಸಿಟ್ಟು ಬಂತು, ಯಾಕೆಂದರೆ ಮಾವ ನನ್ನ ಕಡೆ ತಿರುಗಿದ್ದರು.

"ಲೇ ಡಾಕ್ಟ್ರೇ, ಕತ್ತಿ ತಗಳ್ಲಾ. ನಾಳೆ ಎಣ ಕುಯ್ಯೋನಲ್ವಾ ನೀನು? ಇದ್ಕಿಂತ ಒಳ್ಳೆ ಪಾಠ ಎಲ್ ಸಿಕ್ಕದು?"

ಆ ಬೆಳಗನ್ನು ವಿವರವಾಗಿ ಬರೆಯಲು ನನಗೆ ಈಗಲೂ ಆಗುವುದಿಲ್ಲ. ಮಾವ ಕಾಲು ಹಿಡಿದುಕೊಂಡರು, ಸಣ್ಣಯ್ಯ ಕಲ್ಲಿನ ಮೇಲಿಂದ ಇಲ್ಲಿ ಬಿಡಿ, ಅಲ್ಲಿ ಎಳೀರಿ ಎಂದು ಹೇಳುತ್ತಿದ್ದ, ನಾನು ಕುಯ್ದೆ. ಚರ್ಮ ಬಿಡುವಾಗ ಒದ್ದೆ ಬಟ್ಟೆ ಹರಿದಂಥ ಸದ್ದು ಬರುತ್ತಿತ್ತು. ನೊಣಗಳು ನನ್ನ ತುಟಿಯ ಮೇಲೂ ಕೂರುತ್ತಿದ್ದವು. ಹೊಟ್ಟೆಯ ಚೀಲ ಕೈಗೆ ಬಂದಾಗ ಅದು ಬರಿದಾಗಿ ಒಣಗಿದ ಬಾಳೆಲೆಯ ಹಾಗೆ ಮಡಚಿಕೊಂಡಿತ್ತು. ಮಾವನಿಗೆ ಅದರಿಂದ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಪಕ್ಕಕ್ಕೆ ತಿರುಗಿ ಕಕ್ಕಿ, ಬಾಯೊರೆಸಿಕೊಂಡು ಮುಂದುವರಿಸಿದೆ.

ತಲೆಯನ್ನು ಮಾತ್ರ ಇದ್ದ ಹಾಗೇ ಇಡಬೇಕಿತ್ತು. ಮೂತಿ ಕಂಡರೆ ತಾನೇ ಹಸು ನಂಬುವುದು. ಮಾವ ಉಪ್ಪು, ಸುಣ್ಣ ತರಲು ಒಳಗೆ ಹೋದಾಗ ಸಣ್ಣಯ್ಯ, "ನಾಲ್ಗೆ ಕಿತ್ತಾಕ್ಬುಡಿ ಡಾಕ್ಟ್ರಪ್ಪ. ಅದುನ್ನ ಮಾತ್ರ ಬುಡ್ಬೇಡಿ" ಎಂದ. ನಾನು ಬಾಯಿ ಬಿಡಿಸಿದೆ. ಒಳಗೆ ಬೆರಳು ಹಾಕಬೇಕಿತ್ತು, ಅದೇ ಬಾಯಿಗೆ. ಕರುಳನ್ನು ಹಿಡಿದ ಕೈ ಅಲ್ಲಿಗೆ ಹೋಗಲೊಲ್ಲದು. ಮುದುಕನಿಗೆ ಬೆನ್ನು ಮಾಡಿ ಕೂತು, ಸ್ವಲ್ಪ ಹೊತ್ತು ಕೈಯಾಡಿಸಿದ ಹಾಗೆ ಮಾಡಿ, "ಕಿತ್ತೆ" ಎಂದೆ. ಆಮೇಲೆ ಗೊತ್ತಾಗಬಾರದೆಂದು ಗೋಣಿ ಹೊಲಿಯುವ ದಬ್ಬಳದಲ್ಲಿ ಎರಡು ತುಟಿಯನ್ನೂ ಸೇರಿಸಿ ಹೊಲಿದುಬಿಟ್ಟೆ. ಯಾಕೆ ಹೊಲಿದಿರಿ ಎಂದು ಸಣ್ಣಯ್ಯ ಕೇಳಿದ್ದಕ್ಕೆ ನೊಣ ಹೋಗದಿರಲಿ ಎಂದೆ. ಮಾವ ತಂದ ಉಪ್ಪು, ಸುಣ್ಣ ಬಳಿದು, ಒಣ ಹುಲ್ಲು ತುರುಕಿ ಹೊಟ್ಟೆಯನ್ನೂ ಹೊಲಿದೆ. ಅವರು ಹೊಟ್ಟೆಯ ಹೊಲಿಗೆಯನ್ನೂ ಬಾಯಿಯ ಹೊಲಿಗೆಯನ್ನೂ ನೋಡಿ, "ಅಬ್ಬಬ್ಬಾ, ದರ್ಜಿ ಒಲುದಂಗೈತೆ ಕಣ್ಲಾ" ಎಂದು ಬೆನ್ನು ತಟ್ಟಿದರು. ಅವತ್ತೇ ತಂದೆಗೆ ಕಾಗದ ಹೋಯಿತು. ನಿಮ್ಮ ಮಗ ಗೆದ್ದ ಎಂದು ಮಾವ ಬರೆಸಿದ್ದರು.

ಉಪಾಯ ಫಲಿಸಿತು. ಸಂಜೆ ಆ ಗೊಂಬೆಯನ್ನು ನಾಲ್ಕು ಬಿದಿರುಕಡ್ಡಿಯ ಕಾಲಿನ ಮೇಲೆ ಕೆಂದಿಯ ಮುಂದೆ ನಿಲ್ಲಿಸಿದೆವು. ಕೆಂದಿ ಮೂಸಿತು, ಒಂದು ಹೆಜ್ಜೆ ಹಿಂದೆ ಹೋಯಿತು, ಮತ್ತೆ ಮೂಸಿತು. ಆಮೇಲೆ ನೆಕ್ಕತೊಡಗಿತು. ಅತ್ತೆ ಕರೆದರು. ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿ ಎಲ್ಲರಿಗೂ ಸಮಾಧಾನವಾಯಿತು, ನನ್ನೊಬ್ಬನನ್ನು ಬಿಟ್ಟು. ದಿನಕ್ಕೆರಡು ಸಲ ಅದನ್ನು ಕೊಟ್ಟಿಗೆಯ ಮೂಲೆಯಿಂದ ಎತ್ತಿ ತಂದು ನಿಲ್ಲಿಸುವುದು, ಕರೆದ ಮೇಲೆ ಮತ್ತೆ ಮೂಲೆಗೆ ಇಡುವುದು ನನ್ನ ಕೆಲಸವಾಯಿತು. ಮೂರು ದಿನಕ್ಕೆ ನಾರತೊಡಗಿತು. ವಾರಕ್ಕೆ ಕಣ್ಣಿನ ಗುಣಿಯಲ್ಲಿ ಹುಳು ಕಂಡವು. ಬೇವಿನ ಸೊಪ್ಪು ತುರುಕಿದರೂ ಸುಣ್ಣ ಬಳಿದರೂ ಆ ಗಬ್ಬು ಹೋಗಲಿಲ್ಲ. ನನ್ನ ಅಂಗಿಯಲ್ಲಿ, ಹಾಸಿಗೆಯಲ್ಲಿ, ತಟ್ಟೆಯ ಮುದ್ದೆಯಲ್ಲಿ ಅದೇ ವಾಸನೆ. ಕೆಂದಿ ಮಾತ್ರ ಆ ಹುಳು ಬಿದ್ದ ಮುಖವನ್ನು ಮುದ್ದಿನಿಂದ ನೆಕ್ಕುತ್ತಿತ್ತು. ಆ ಹಾಲಿನಲ್ಲೇ ಅತ್ತೆ ನನಗೆ ಕಾಫಿ ಮಾಡಿಕೊಡುತ್ತಿದ್ದರು. ನಾನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಚೆಲ್ಲುತ್ತಿದ್ದೆ.

ಹತ್ತು ದಿನ ಕಳೆದಿರಬಹುದು. ಬೆಳಗಿನ ಹಾಲು ಕಡಿಮೆಯಾಗತೊಡಗಿತು. ಸಂಜೆಯ ಹಾಲು ಎಂದಿನಷ್ಟೇ, ಬೆಳಗಿನದು ಮಾತ್ರ ಅರ್ಧಕ್ಕರ್ಧ. "ಕೇರೆ ಆವು ಕುಡೀತಾ ಅದೆ" ಎಂದರು ಮಾವ. ಕೇರೆ ಹಾವು ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಮೊಲೆಗೆ ಬಾಯಿ ಹಾಕುತ್ತದೆಂದು ಆ ಕಡೆ ಎಲ್ಲರೂ ನಂಬುತ್ತಾರೆ. ಹಾವಿಗೆ ಹೀರಲು ಬೇಕಾದ ತುಟಿಯೇ ಇಲ್ಲವೆಂದು ನಾನು ಪುಸ್ತಕದ ಪಾಠ ಒಪ್ಪಿಸಿದೆ. "ಅಂಗಾರೆ ನೀನೇ ಕಾದು ನೋಡ್ಲಾ" ಎಂದರು. ಡೇರಿಗೆ ಹಾಲು ಹಾಕಲು ಆರು ಗಂಟೆಗೆ ಹೋಗಬೇಕು. ಅತ್ತೆ ಕರೆಯಲು ಬರುವುದು ಐದೂವರೆಗೆ. ಅದಕ್ಕೂ ಮುಂಚೆ ಎದ್ದು ಟಾರ್ಚು ಹಿಡಿದುಕೊಂಡು ನಾನು ಕೊಟ್ಟಿಗೆಗೆ ಹೋದೆ. ಮೂಗಿಗೆ ಟವೆಲು ಕಟ್ಟಿಕೊಂಡು ದನ ಮೇಯುವ ಗೊಂತಿನ ಕಟ್ಟೆಯ ಮೇಲೆ ಕೂತೆ.

ಇಲ್ಲಿಂದ ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಕೆಂದಿ ಈ ಗೋಡೆಯ ಹತ್ತಿರ ಕಟ್ಟಿತ್ತು. ಗೊಂಬೆ ಎದುರು ಮೂಲೆಯಲ್ಲಿ, ನಾಲ್ಕು ಮಾರು ದೂರದಲ್ಲಿತ್ತು. ಹಗ್ಗ ಅಲ್ಲಿಗೆ ಎಟುಕುವ ಮಾತೇ ಇಲ್ಲ. ಕತ್ತಲು ಕರಗಿ ಹೆಂಚಿನ ಸಂದಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಕೆಂದಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಕತ್ತು ತಿರುಗಿಸಿ ಮೂಲೆಯ ಕಡೆ ನೋಡಿ, ಎಳಗರುವನ್ನು ಕರೆಯುವಾಗ ಮಾಡುವ ಆ ಸಣ್ಣ ಗಂಟಲಿನ ಸದ್ದು ಮಾಡಿತು. ಹುಲ್ಲಿನ ಮೇಲೆ ತೊಟ್ಟಿಕ್ಕುವುದು ಕೇಳಿತು. ಟಾರ್ಚು ಹಾಕಿದೆ. ಯಾರೂ ಮುಟ್ಟದೆ ನಾಲ್ಕು ಮೊಲೆಯಿಂದಲೂ ಹಾಲು ಇಳಿಯುತ್ತಿತ್ತು. ಹಾವಿರಲಿಲ್ಲ. ಹಾಲು ಕಡಿಮೆಯಾಗಲು ಇದೇ ಕಾರಣವೆಂದು ನನಗೆ ಒಂದು ಕ್ಷಣ ಹೆಮ್ಮೆಯಾಯಿತು.

ಆಗ ಮೂಲೆಯಿಂದ ಚಪ್ ಚಪ್ ಎಂದು ಸದ್ದು ಬಂತು. ಹೆಗ್ಗಣ ಎಂದುಕೊಂಡು ಎದ್ದು ಹೋದೆ. ಹತ್ತಿರ ಹೋದಂತೆ ಮೊದಲು ಗಮನಕ್ಕೆ ಬಂದದ್ದು ನಾತವಿಲ್ಲ ಎಂಬುದು. ಟವೆಲು ಬಿಚ್ಚಿದೆ. ಹಸಿ ಹಾಲಿನ ವಾಸನೆ ಮಾತ್ರ ಇತ್ತು. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ನಾನು ಹೊಲಿದ ಬಾಯಿಯ ದಾರ ತುಂಡಾಗಿ ನೇತಾಡುತ್ತಿತ್ತು. ಮೂತಿ ಒದ್ದೆಯಾಗಿತ್ತು, ಅಂಚಿನಲ್ಲಿ ನೊರೆ. ಹೊಟ್ಟೆಯ ಹೊಲಿಗೆಯ ಸಂದಿಯಿಂದ ಏನೋ ಜಿನುಗುತ್ತಿತ್ತು. ಕೈಯಿಂದ ಎರಡು ಹೊಲಿಗೆ ಕಿತ್ತೆ. ನಾನೇ ತುರುಕಿದ್ದ ಒಣ ಹುಲ್ಲು ತೊಯ್ದು ಮುದ್ದೆಯಾಗಿತ್ತು. ಮುಟ್ಟಿದೆ. ಬೆಚ್ಚಗಿತ್ತು.

ಯಾಕೆ ಹಾಗೆ ಮಾಡಿದೆನೋ ನನಗೆ ಗೊತ್ತಿಲ್ಲ. ಕೀಳದೆ ಬಿಟ್ಟ ನಾಲಿಗೆಯನ್ನು ಈಗಲಾದರೂ ಕಿತ್ತುಬಿಡಬೇಕು, ಇದೆಲ್ಲ ಅದರಿಂದಲೇ ಎಂದು ತಲೆಯಲ್ಲಿ ಬಂತು. ಎರಡು ಬೆರಳನ್ನು ಆ ಬಾಯೊಳಗೆ ಹಾಕಿದೆ. ಒಳಗೆ ಬಿಸಿಯಾಗಿತ್ತು. ನಾಲಿಗೆ ಬೆರಳನ್ನು ಸುತ್ತಿಕೊಂಡಿತು. ಆಮೇಲೆ ಚೀಪತೊಡಗಿತು.

ಅದೇ ಮರಳುಕಾಗದದ ನಾಲಿಗೆ, ಅದೇ ಎಳೆತ. ಬದುಕಿದ್ದಾಗ ಇದ್ದುದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾನು ಕಿರುಚಲಿಲ್ಲ. ಬೆರಳನ್ನು ಕಿತ್ತುಕೊಳ್ಳಲೂ ಇಲ್ಲ. ನಿಮಗೆ ವಿಚಿತ್ರವೆನ್ನಿಸಬಹುದು, ಹುಟ್ಟಿದಾಗಿನಿಂದ ಹೇಸಿಕೊಂಡು ಬಂದ ನನಗೆ ಆ ಹೊತ್ತು ಮಾತ್ರ ಹೇಸಿಗೆಯಾಗಲಿಲ್ಲ. ನೆಲದ ಮೇಲೆ ಕುಕ್ಕರಿಸಿದೆ. ಎಷ್ಟು ಹೊತ್ತು ಕೂತಿದ್ದೆನೋ. "ಏನ್ಲಾ ಮಗ ಅದು?" ಎಂಬ ಅತ್ತೆಯ ದನಿ ಕೇಳಿ, ಕೊಟ್ಟಿಗೆಯ ಬಲ್ಬು ಹತ್ತಿದಾಗ ನೋಡಿದೆ. ನನ್ನ ಬೆರಳಿನ ಸುತ್ತ ಇದ್ದದ್ದು ಕಪ್ಪಗೆ ಒಣಗಿ ಸೆಟೆದ ನಾಲಿಗೆ. ಆ ಗಬ್ಬು ಒಮ್ಮೆಗೇ ಮುಖಕ್ಕೆ ಬಡಿಯಿತು. ಹುಳುಗಳು ಇದ್ದಲ್ಲೇ ಇದ್ದವು.

ಇಷ್ಟೇ ಆಗಿದ್ದರೆ ನಿದ್ದೆಗಣ್ಣು ಎಂದು ನಾನೇ ತಳ್ಳಿಹಾಕುತ್ತಿದ್ದೆ. ಆದರೆ ಬೆರಳು ಒದ್ದೆಯಾಗಿತ್ತು. ಹುಲ್ಲು ತೊಯ್ದೇ ಇತ್ತು. ಅತ್ತೆ ಬಗ್ಗಿ ಆ ಹುಲ್ಲನ್ನು ಹಿಂಡಿ, ಬೆರಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದರು. ಬೆಳಕಿನಲ್ಲಿ ಅದು ಹಳದಿಯಾಗಿ ಕಂಡಿತು.

"ಗಿಣ್ಣು" ಎಂದರು. "ಕೆಂದಿ ಗಿಣ್ಣಾಲು ಕೊಟ್ಟು ಅದ್ನೈದ್ ದಿನ ಆಗೋಯ್ತು. ಇಲ್ಲೆಲ್ಲಿಂದ ಬಂತ್ಲಾ ಗಿಣ್ಣು?"

ನಾನು ಅಲ್ಲೇ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ತಿಪ್ಪೆಗೆ ಸುರಿದದ್ದು, ಕರಿಯ ನೆಕ್ಕಿದ್ದು, ದಿನಾ ಕುಡೀತೆಂದು ಹೇಳಿದ್ದು, ನಾಲಿಗೆಯದ್ದು. ಅತ್ತೆ ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಹಿಂಡಿದ ಹುಲ್ಲನ್ನು ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಅಸಿಂಗ ಆಯ್ತದೆ ಅಂತ ಒಂದ್ಮಾತು ಏಳ್ಬೌದಾಗಿತ್ತಲ್ಲ ಮಗ. ನಾನೇ ಒಲ್ದಿಂದ ಬಂದು ಕುಡ್ಸಿ ಓಯ್ತಿದ್ದೆ" ಎಂದರು. ಅಷ್ಟೇ. ಅದಕ್ಕಿಂತ ಕಠಿಣವಾದ ಮಾತನ್ನು ನನಗೆ ಇವತ್ತಿನವರೆಗೆ ಯಾರೂ ಆಡಿಲ್ಲ.

ಮಾವನಿಗೆ ಅತ್ತೆ ಹೇಳಲಿಲ್ಲ. ಹುಳು ಬಿದ್ದಿದೆ, ಇನ್ನು ಬೇಡ ಎಂದಷ್ಟೇ ಹೇಳಿ ಅವತ್ತೇ ಹೂಳಲು ಒಪ್ಪಿಸಿದರು. ತೆಂಗಿನ ಮರದ ಬುಡದಲ್ಲಿ ಗುಣಿ ತೋಡಿದವನು ನಾನು. ಸಣ್ಣಯ್ಯ ದಾರಿಯಲ್ಲಿ ಹೋಗುತ್ತಿದ್ದವನು ನಿಂತ. ಗುಣಿಗೆ ಇಳಿಸುವಾಗ ತೆರೆದಿದ್ದ ಬಾಯಿಯನ್ನು ನೋಡಿ ಅವನಿಗೆ ಗೊತ್ತಾಯಿತು. "ಕೀಳ್ನಿಲ್ಲ ಅಲ್ವಾ ಡಾಕ್ಟ್ರಪ್ಪ" ಎಂದ. ನಾನು ಇಲ್ಲ ಎಂದು ತಲೆಯಾಡಿಸಿದೆ. "ನಾಲ್ಗೆ ಬುಟ್ರೆ ಆಲು ಕೇಳ್ತದೆ ಅಂತ ನಮ್ಮಪ್ಪ ಏಳೋನು. ನಾಲ್ಗೆ ಬೇಗ ಕೊಳೀತದಲ್ಲ, ಅದ್ಕೆ ಅಂಗಂತಾನೆ ಅಂತ ನಾನ್ ಅಂದ್ಕಂಡಿದ್ದೆ" ಎಂದು ಹೇಳಿ ಹೋದ. ಸಂಜೆ ಕೆಂದಿ ಗೊಂಬೆಯಿಲ್ಲದೆಯೇ ಹಾಲು ಕರೆಸಿಕೊಂಡಿತು. ಕೂಗಲೂ ಇಲ್ಲ.

ಚಳಿಗಾಲದ ಹೊತ್ತಿಗೆ ಕೋರ್ಟಿನ ಗೊಂದಲ ಮುಗಿದು ಕಾಲೇಜು ಶುರುವಾಯಿತು. ಶವದ ಮುಂದೆ ನಿಂತ ಮೊದಲ ದಿನ ನಮ್ಮ ತಂಡದಲ್ಲಿ ಇಬ್ಬರು ತಲೆಸುತ್ತಿ ಬಿದ್ದರು. ನಾನು ಕತ್ತಿ ಹಿಡಿದೆ. ರಜವನ್ನು ಸದುಪಯೋಗ ಮಾಡಿಕೊಂಡರೆ ಹೀಗೆ ಎಂದು ತಂದೆ ತಮ್ಮ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ನನ್ನ ಉದಾಹರಣೆ ಕೊಡುತ್ತಿದ್ದರು. ಅದನ್ನು ಕೇಳುವಾಗಲೆಲ್ಲ ನನಗೆ ವಾಕರಿಕೆ ಬರುತ್ತಿತ್ತು. ಕೆನೆ, ಸಿಂಬಳ, ಕೀವು ಯಾವುದರ ಮೇಲೂ ಈಗ ನನಗೆ ಹೇಸಿಗೆಯಿಲ್ಲ. ಅಷ್ಟೂ ಹೇಸಿಗೆ ಒಂದೇ ಕಡೆಗೆ ಹೋಗಿ ಸೇರಿಕೊಂಡಿದೆ. ಹಿತ್ತಲಿನಲ್ಲಿ ಬೋಗುಣಿ ಹಿಡಿದು ನಿಂತ ಆ ಹದಿನೆಂಟರ ಹುಡುಗನನ್ನು ನೆನೆಸಿಕೊಂಡರೆ ಸಾಕು.

ಈ ಒಗಟನ್ನು ಬಿಡಿಸಲು ಬೇಕಾದಷ್ಟು ಪ್ರಯತ್ನಪಟ್ಟಿದ್ದೇನೆ. ದಾರವನ್ನು ಇಲಿ ಕಡಿದಿರಬಹುದು. ಕೊಳೆಯುವ ಚರ್ಮ ಒಳಗೆ ಬಿಸಿಯಾಗುತ್ತದೆ, ಹಳದಿ ನೀರೂ ಬರುತ್ತದೆ. ತಪ್ಪಿತಸ್ಥ ಮನಸ್ಸು ಬೆರಳಿಗೆ ಏನು ಬೇಕಾದರೂ ಕಾಣಿಸುತ್ತದೆ. ಎಲ್ಲ ಸರಿ. ಆದರೆ ಅತ್ತೆ ಹತ್ತಾರು ಹಸುಗಳ ಬಾಣಂತನ ಮಾಡಿದವರು, ಕೀವನ್ನು ಗಿಣ್ಣೆಂದು ತಪ್ಪು ತಿಳಿಯುವವರಲ್ಲ. ನಾನು ಸುರಿದ ಹಾಲಿನ ವಿಷಯ, ನಾಲಿಗೆಯ ವಿಷಯ ಅವರಿಗೆ ಗೊತ್ತಾಗುವ ಮೊದಲೇ ಅವರು ಆ ಮಾತು ಹೇಳಿದ್ದರು. ಅವರು ತೀರಿಕೊಳ್ಳುವ ಮುಂಚೆ ಒಮ್ಮೆ ಕೇಳಿದೆ, ಅದು ನಿಜವಾಗಿ ಗಿಣ್ಣೇ ಆಗಿತ್ತೇ ಎಂದು. "ಊಂ ಕಣಪ್ಪ" ಎಂದರು. 

ಈಗ ಹಾಸನದಲ್ಲಿ ನಾನು ಮಕ್ಕಳ ವೈದ್ಯ. ಹುಟ್ಟಿದ ಕೂಸನ್ನು ತಂದು ಮುಂದಿಟ್ಟರೆ ನಾವು ಮಾಡುವ ಪರೀಕ್ಷೆಗಳಲ್ಲಿ ಒಂದು ಹೀಗಿದೆ. ಕೈ ತೊಳೆದುಕೊಂಡು ಕಿರುಬೆರಳನ್ನು ಮಗುವಿನ ಬಾಯೊಳಗೆ ಇಟ್ಟು, ಅದು ಚೀಪುತ್ತದೋ ಇಲ್ಲವೋ ನೋಡಬೇಕು. ಅರೆನಿಮಿಷದ ಕೆಲಸ. ದಿನ ತುಂಬದೆ ಹುಟ್ಟಿದ, ತ್ರಾಣವಿಲ್ಲದ ಕೂಸುಗಳು ತಡವಾಗಿ ಚೀಪುತ್ತವೆ. ಕಾಯುತ್ತೇನೆ. ಆ ಎಳೆತ ಬಂದ ಕೂಡಲೇ ಕೆಲವೊಮ್ಮೆ, ಎಲ್ಲ ಸಲವಲ್ಲ, ಎಲ್ಲಿಂದಲೋ ಗಿಣ್ಣಿನ ವಾಸನೆ ಬರುತ್ತದೆ. ಪಕ್ಕದಲ್ಲಿರುವ ನರ್ಸಿಗೆ ಬರುವುದಿಲ್ಲ, ಕೇಳಿ ನೋಡಿದ್ದೇನೆ. "ಕುಡೀತು ಸಾ" ಎಂದು ಯಾರು ಹೇಳಿದರೂ ನಾನು ಎದ್ದು ಹೋಗಿ ಕಣ್ಣಾರೆ ನೋಡುತ್ತೇನೆ. ಅದಕ್ಕೆ ನನ್ನನ್ನು ಹಿಂದಿನಿಂದ ಆಡಿಕೊಳ್ಳುತ್ತಾರೆಂದೂ ಗೊತ್ತು. ಪರೀಕ್ಷೆ ಮುಗಿದ ಮೇಲೂ ಬೆರಳನ್ನು ನಾನಾಗಿ ಈಚೆಗೆ ತೆಗೆಯುವುದಿಲ್ಲ. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಸರಿ, ಮಗುವೇ ಬಿಡಬೇಕು.